ಆ ಕಡೆ ಕೆಲಸವಿದ್ದರೆ

ಆಗಸ್ಟ್ 2, ಶುಕ್ರವಾರ

ಈ ಡೈರಿ ಹೋದ ವರ್ಷದ್ದು. ಆಸ್ಪತ್ರೆಯ ಲಾಂಡ್ರಿಯಲ್ಲಿ ನಮಗೆಲ್ಲ ಒಂದೊಂದು ಕೊಟ್ಟಿದ್ದರು. ಮಗಳು ಮೊದಲ ಹಾಳೆಗಳಲ್ಲಿ ಬೆಕ್ಕಿನ ಚಿತ್ರ ಬರೆದು ಬೇಜಾರಾಗಿ ಬಿಟ್ಟಿದ್ದಳು. ಅಚ್ಚಾದ ತಾರೀಖನ್ನು ಹೊಡೆದುಹಾಕಿ ನನ್ನದನ್ನು ಹಾಕಿಕೊಂಡಿದ್ದೇನೆ. ಈಚೆಗೆ ನಾನು ಬಾಯಿ ತೆರೆದರೆ ಮನೆಯಲ್ಲಿ ಜಗಳ ಶುರುವಾಗುತ್ತದೆ. ಬರೆದರೆ ಯಾರೂ ತಿರುಗಿ ಬೈಯುವುದಿಲ್ಲ.

ಪೆಟ್ರೋಲ್ ಮತ್ತೆ ಏರಿತು. ಗ್ಯಾಸ್ ಹೋದ ವಾರವೇ ಏರಿತ್ತು, ಇದು ಅದರ ಹಿಂದೆಯೇ ಬಂದ ತಮ್ಮ. ಇವರದು ಮನೆಮನೆಗೆ ಹೋಗಿ ನಲ್ಲಿ, ಪೈಪು ರಿಪೇರಿ ಮಾಡುವ ಕೆಲಸ. ಸ್ಕೂಟರ್ ನಿಂತರೆ ನಮ್ಮ ಮನೆಯೂ ನಿಂತ ಹಾಗೆ. ಒಂದು ವಾಷರ್ ಬದಲಿಸಲು ಊರಿನ ಆ ತುದಿಗೆ ಹೋಗಿಬಂದರೆ ಸಿಕ್ಕಿದ ಕೂಲಿಯನ್ನೆಲ್ಲ ಸ್ಕೂಟರೇ ಕುಡಿದುಬಿಡುತ್ತದೆ. ಸ್ವಲ್ಪ ಹೆಚ್ಚಿಗೆ ಕೇಳಿದರೆ, "ಒಂದು ವಾಷರ್‌ಗೆ ಇಷ್ಟೊಂದಾ?" ಎಂದು ಜನ ಮುಖ ಸಿಂಡರಿಸುತ್ತಾರಂತೆ.

ಊಟಕ್ಕೆ ಕುಳಿತಾಗ ನಾನೊಂದು ಕಾನೂನು ಮಾಡಿದೆ. ಇನ್ನು ಮೇಲೆ ಒಂದು ಓಡಾಟಕ್ಕೆ ಎರಡು ಕೆಲಸ. ಒಂದೇ ಕೆಲಸಕ್ಕೆಂದು ಸ್ಕೂಟರ್ ಹೊರಗೆ ತೆಗೆಯುವ ಹಾಗಿಲ್ಲ.

"ನಲ್ಲಿ ಸೋರ್ತಿದೆ ಅಂತ ಫೋನ್ ಮಾಡಿದೋರಿಗೆ, ಪಕ್ಕದ ಮನೇದೂ ಸೋರೋವರೆಗೆ ತಡ್ಕೊಳ್ಳಿ ಅಂತ ಹೇಳ್ಲಾ?" ಎಂದರು ಇವರು.

"ನಿಮ್ಮ ಕೆಲಸದ ಮಾತಲ್ಲ. ಮಿಕ್ಕಿದ ಓಡಾಟಕ್ಕೆ ಹೇಳ್ತಿರೋದು."

"ಆಯ್ತು ಮಂತ್ರಿಗಳೇ," ಎಂದು ಎಂಜಲುಗೈಯಲ್ಲೇ ಕೈಮುಗಿದರು. ಮಗಳು ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು, ಆದರೆ ಕಾನೂನು ಕಾನೂನೇ.

ಆಗಸ್ಟ್ 4, ಭಾನುವಾರ

ಅಕ್ಕನ ಮನೆಗೆ ಹೋಗಲಿಲ್ಲ. ಭಾನುವಾರ ಅವಳನ್ನು ನೋಡದೆ ಕಳೆದದ್ದು ನೆನಪೇ ಇಲ್ಲ. ಏನೋ ಮರೆತವಳ ಹಾಗೆ ಇಡೀ ದಿನ ಒಳಗೆ ಹೊರಗೆ ಓಡಾಡಿದೆ.

ಅಕ್ಕ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಒಂದು ಬಡಗಿ ಶೆಡ್ಡಿನ ಮೇಲಿನ ಒಂಟಿ ಕೋಣೆಯಲ್ಲಿ. ಟೈಲರ್ ಅಂಗಡಿಗಳಿಂದ ಬಟ್ಟೆ ತಂದು ಕಾಜಾ ಗುಂಡಿ ಹಾಕಿ ಕೊಡುತ್ತಾಳೆ. ಅಮ್ಮ ಹೋದಾಗ ನಾನಿನ್ನೂ ಜಡೆ ಹೆಣೆದುಕೊಳ್ಳಲು ಬಾರದವಳು. ಅಕ್ಕ ಶಾಲೆ ಬಿಟ್ಟು ಸೂಜಿ ಹಿಡಿದಳು. ನನ್ನ ಜಡೆ, ನನ್ನ ಫೀಸು, ನನ್ನ ಮದುವೆ ಎಲ್ಲ ಆ ಸೂಜಿಯಿಂದಲೇ ಆಯಿತು. ತನ್ನ ಮದುವೆಯ ಮಾತು ಬಂದಾಗೆಲ್ಲ, "ಮೊದ್ಲು ಈ ಮೆಣಸಿನಕಾಯಿ ದಡ ಸೇರ್ಲಿ," ಅನ್ನುತ್ತಿದ್ದಳು. ಮೆಣಸಿನಕಾಯಿ ಅಂದರೆ ನಾನು. ನಾನು ದಡ ಸೇರುವಷ್ಟರಲ್ಲಿ ಅವಳನ್ನು ಕೇಳುವವರು ಇರಲಿಲ್ಲ.

ಮೊದಲು ಅವಳೇ ಬಸ್ಸಿನಲ್ಲಿ ಬರುತ್ತಿದ್ದಳು. ಡೀಸೆಲ್ ಏರಿದ ಮೇಲೆ ಆ ಕಡೆಯ ಬಸ್ಸನ್ನು ಭಾನುವಾರ ಬಿಡುವುದೇ ನಿಲ್ಲಿಸಿದ್ದಾರೆ. ಸಂಜೆ ಫೋನ್ ಮಾಡಿದಳು.

"ಬರ್ಲಿಲ್ವಲ್ಲೇ?"

ಕಾನೂನಿನ ವಿಷಯ ಹೇಳಿದೆ. "ಆ ಕಡೆ ಇನ್ನೊಂದು ಕೆಲಸ ಇದ್ರೆ ಬಂದೇ ಬರ್ತೀನಕ್ಕ."

"ಎಂಥ ಕೆಲಸ?" ಎಂದು ಕೇಳಿದಳು.

"ಎಂಥದ್ದಾದ್ರೂ ಸರಿ. ಇಲ್ಲಿಗಿಂತ ಅಲ್ಲಿ ಅಗ್ಗಕ್ಕೆ ಏನಾದ್ರೂ ಸಿಗೋ ಹಾಗಿದ್ರೆ."

"ನೋಡ್ತೀನಿ ಇರು," ಎಂದಳು.

ಆಗಸ್ಟ್ 9, ಶುಕ್ರವಾರ

ಅಕ್ಕನ ಫೋನ್. ಮಾತು ಒಂದರ ಮೇಲೊಂದು ಬೀಳುತ್ತಿತ್ತು, ಅಷ್ಟು ಸಂಭ್ರಮ. "ಲೇ, ಕೆಳಗಿನ ಶೆಡ್ಡಲ್ಲಿ ಮರದ ಹೊಟ್ಟು ಬೇಕಾದಷ್ಟು ಬೀಳುತ್ತೆ. ಸುಮ್ನೆ ಬಿಸಾಕ್ತಾರೆ. ವಾರಕ್ಕೊಂದು ಮೂಟೆ ಕೊಡ್ತೀನಿ ಅಂದಿದಾರೆ ಬಡಗಿ. ಪುಕ್ಕಟೆ! ನಾವು ಚಿಕ್ಕೋರಿದ್ದಾಗ ಹೊಟ್ಟಿನ ಒಲೆ ಇತ್ತಲ್ಲ? ಹಿತ್ತಲಲ್ಲಿ ಇಟ್ಕೊಂಡ್ರೆ ನಿಂಗೆ ಗ್ಯಾಸ್ ಉಳಿಯುತ್ತೆ."

ನನಗೆ ಇದು ಹೊಳೆದೇ ಇರಲಿಲ್ಲ. ಇವರಿಗೆ ಹೇಳಿದೆ. ಅಕ್ಕನನ್ನು ನೋಡುವುದು ಒಂದು, ಮೂಟೆ ತರುವುದು ಇನ್ನೊಂದು. ಕಾನೂನಿಗೆ ಸರಿಹೋಯಿತು.

ಆಗಸ್ಟ್ 11, ಭಾನುವಾರ

ಎಷ್ಟು ಒಳ್ಳೆಯ ದಿನ. ಬೆಳಿಗ್ಗೆಯೇ ಮೂವರೂ ಹೊರಟೆವು. ಮಗಳು ಮುಂದೆ ನಿಂತಳು, ನಾನು ಹಿಂದೆ. ಅಕ್ಕ ಮೆಟ್ಟಿಲ ಕೆಳಗೇ ಕಾಯುತ್ತಿದ್ದಳು.

ಬಣ್ಣದ ಡಬ್ಬಿಯೊಂದನ್ನು ಬಡಗಿಯಿಂದ ಕೇಳಿ ತಂದು, ತಳದ ಪಕ್ಕದಲ್ಲಿ ತೂತು ಕೊರೆಸಿಟ್ಟಿದ್ದಳು. ಮಗಳಿಗೆ ಒಲೆ ತುಂಬುವುದನ್ನು ಕಲಿಸಿದಳು. ಡಬ್ಬಿಯ ನಡುವೆ ಖಾಲಿ ಬಾಟಲಿ ನಿಲ್ಲಿಸಬೇಕು, ಸುತ್ತ ಹೊಟ್ಟು ಹಾಕುತ್ತ ಮುಷ್ಟಿಯಿಂದ ಒತ್ತಿ ಒತ್ತಿ ತುಂಬಬೇಕು, ಆಮೇಲೆ ಬಾಟಲಿಯನ್ನು ತಿರುಗಿಸುತ್ತ ಮೆಲ್ಲಗೆ ಎಳೆಯಬೇಕು. ನಡುವೆ ಉಳಿದ ಕೊಳವೆಯಲ್ಲಿ ಬೆಂಕಿ ಮೇಲೇರುತ್ತದೆ. "ಸಡಿಲ ತುಂಬಿದ್ರೆ ಕುಸಿಯುತ್ತೆ. ನಿಮ್ಮಮ್ಮನ ಕೈಲಿ ಯಾವಾಗ್ಲೂ ಕುಸೀತಿತ್ತು, ಅವ್ಳಿಗೆ ತಾಳ್ಮೆ ಎಲ್ಲಿದೆ?" ಎಂದು ನನ್ನನ್ನು ಹಂಗಿಸಿದಳು.

ಹೊರಡುವಾಗ ಬಡಗಿ ಮೂಟೆಯನ್ನು ಸ್ಕೂಟರಿಗೆ ಕಟ್ಟಿಕೊಟ್ಟರು. ಗಟ್ಟಿ ಆಳು, ಮಾತು ಕಡಿಮೆ. "ನಮ್ಮ ಶೆಡ್ಡು ಇಷ್ಟು ಚೊಕ್ಕಟವಾಗಿ ಯಾವತ್ತೂ ಇರ್ಲಿಲ್ಲ ಕಣಮ್ಮ. ನಿಮ್ಮಕ್ಕ..." ಎಂದು ಏನೋ ಹೇಳಲು ಹೋದರು. ಅಕ್ಕ ನಡುವೆ ಬಾಯಿ ಹಾಕಿ, "ಹಗ್ಗ ಬಿಗಿಯಾಗಿ ಕಟ್ಟಿ, ದಾರೀಲಿ ಬಿದ್ದೀತು," ಎಂದಳು. ಹಗ್ಗ ಬಿಗಿಯಾಗಿಯೇ ಇತ್ತು.

ಆಗಸ್ಟ್ 14, ಬುಧವಾರ

ಒಲೆ ಉರಿಯಿತು! ಮೊದಲ ಸಲ ಕುಸಿಯಿತು, ಎರಡನೆಯ ಸಲವೂ ಕುಸಿಯಿತು. ಮೂರನೆಯದಕ್ಕೆ ಮಗಳೇ ತುಂಬಿದಳು. ಅನ್ನ ಆಯಿತು, ಕಾಳು ಬೆಂದಿತು, ಆಮೇಲೂ ಕಾವು ಇತ್ತು. ಅದರ ಮೇಲೆ ನೀರಿಟ್ಟು ಮೂವರೂ ಬಿಸಿನೀರಿನಲ್ಲಿ ಸ್ನಾನ ಮಾಡಿದೆವು. ಹೊಗೆಗೆ ಕಣ್ಣು ಉರಿಯುತ್ತದೆ, ಆದರೆ ಸಿಲಿಂಡರಿನ ಬಿಲ್ಲು ನೋಡಿದರೆ ಅದಕ್ಕಿಂತ ಹೆಚ್ಚು ಉರಿಯುತ್ತದೆ.

ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಇಸ್ತ್ರಿ ವಿಭಾಗದವಳು ತನಗೂ ಒಂದು ಮೂಟೆ ಬೇಕೆಂದಳು. ಅಕ್ಕನಿಗೆ ಫೋನ್ ಮಾಡಿ ಕೇಳಿದೆ. "ಒಂದೇ ಆಗೋದು ಕಣೇ," ಎಂದಳು. ಅಷ್ಟೊಂದು ಬಿಸಾಡುತ್ತಾರಂತೆ, ಇನ್ನೊಂದು ಕೊಡಲು ಬಡಗಿಗೆ ಏನು ಕಷ್ಟವೋ.

ಸೆಪ್ಟೆಂಬರ್ 1, ಭಾನುವಾರ

ಅಕ್ಕನಿಗೆ ಕೆಮ್ಮು. ಬೀದಿಯ ಧೂಳಂತೆ. ಚಿಕ್ಕಂದಿನಿಂದಲೂ ಅವಳ ಎದೆ ಸೂಕ್ಷ್ಮ, ಚಳಿಗಾಲದಲ್ಲಿ ಗೊರಗೊರ ಅನ್ನುತ್ತದೆ. ತಲೆಗೂದಲ ಮೇಲೆಲ್ಲ ಬೆಳ್ಳಗೆ ಪುಡಿ ಕೂತಿತ್ತು. "ಒಂದೇ ವಾರಕ್ಕೆ ಮುದುಕಿಯಾಗ್ಬಿಟ್ಯಲ್ಲಕ್ಕ," ಎಂದು ಕೊಡವಿದೆ. "ಶೆಡ್ಡಿನ ಮೇಲಿದ್ದೀನಲ್ಲ, ಕಿಟಕೀಲಿ ಬರುತ್ತೆ," ಎಂದಳು. ಕಿಟಕಿ ಮುಚ್ಚಿಕೋ ಎಂದು ಹೇಳಿ ಬಂದಿದ್ದೇನೆ.

ಮೂಟೆ ಚೆನ್ನಾಗಿತ್ತು. ಒಣಗಿದ, ಸಣ್ಣ ಹೊಟ್ಟು.

ಸೆಪ್ಟೆಂಬರ್ 13, ಶುಕ್ರವಾರ

ಆಸ್ಪತ್ರೆಯ ಬಾಯ್ಲರನ್ನು ಇನ್ನು ಅರ್ಧ ದಿನ ಮಾತ್ರ ಉರಿಸುತ್ತಾರಂತೆ. ಎಣ್ಣೆ ದುಬಾರಿ. ಆಪರೇಶನ್ ಬಟ್ಟೆಗಳಿಗೆ ಮಾತ್ರ ಬಿಸಿನೀರು, ಹಾಸಿಗೆ ಹೊದಿಕೆಗೆಲ್ಲ ತಣ್ಣೀರು. ಬಾಯ್ಲರ್ ಅರ್ಧ ದಿನವಾದರೆ ನಾವೂ ಅರ್ಧ ದಿನ. ಸಂಬಳವೂ ಅರ್ಧ. ಮೇಲ್ವಿಚಾರಕಿ ಹೇಳುವಾಗ ನಮ್ಮ ಮುಖ ನೋಡಲಿಲ್ಲ, ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ಅವರದ್ದೂ ಅರ್ಧವಾಗಿದೆಯಂತೆ.

ಪೆಟ್ರೋಲ್ ಇವತ್ತು ಮತ್ತೆ. ಎಷ್ಟೆಂದು ಬರೆಯಲು ಕೈ ಬರುವುದಿಲ್ಲ.

ಸೆಪ್ಟೆಂಬರ್ 22, ಭಾನುವಾರ

ಒಂದು ವಿಷಯ ಯೋಚಿಸಿದೆ. ಸ್ಕೂಟರಿನ ಮೇಲೆ ಮೂವರು ಕೂತು, ಮೂಟೆಯನ್ನೂ ಹೇರಿದರೆ ಅದು ಏದುಸಿರು ಬಿಡುತ್ತ ಪೆಟ್ರೋಲ್ ಕುಡಿಯುತ್ತದೆ. ಇವರಿಗೆ ಆ ಕಡೆ ಹೇಗೂ ಒಂದು ಪೈಪಿನ ಕೆಲಸವಿತ್ತು. ನಾನು ಯಾಕೆ ಹೋಗಬೇಕು? ಇವರೊಬ್ಬರೇ ಹೋಗಿ ಎರಡೂ ಮುಗಿಸಿ ಬಂದರು.

ಅಕ್ಕ ನನಗೂ ಅಡುಗೆ ಮಾಡಿಟ್ಟಿದ್ದಳಂತೆ. ಡಬ್ಬಿಗೆ ಹಾಕಿ ಕಳಿಸಿದ್ದಾಳೆ.

"ಅವ್ಳೆಲ್ಲಿ ಅಂತ ಕೇಳಿದ್ರು," ಎಂದರು ಇವರು, ಮೂಟೆ ಇಳಿಸುತ್ತ.

"ನೀವೇನಂದ್ರಿ?"

"ಇಬ್ರು ಕೂತ್ರೆ ಪೆಟ್ರೋಲ್ ಜಾಸ್ತಿ ಆಗುತ್ತೆ ಅಂದ್ಲು ಅಂತ ಇದ್ದಿದ್ದು ಇದ್ದ ಹಾಗೆ ಹೇಳ್ದೆ."

"ಅದಕ್ಕೆ?"

"ನಕ್ರು. ಅವ್ಳು ಮೊದ್ಲಿಂದ್ಲೂ ಲೆಕ್ಕದಲ್ಲಿ ಚುರುಕು ಅಂದ್ರು. ಆದ್ರೆ ಮೆಟ್ಲು ಹತ್ತೋಕೆ ಬಹಳ ಕಷ್ಟಪಡ್ತಿದ್ರು ಕಣೇ. ಒಂದ್ಸಲ ಡಾಕ್ಟ್ರಿಗೆ ತೋರಿಸ್ಬೇಕು."

ತೋರಿಸಬೇಕು. ನಮ್ಮ ಆಸ್ಪತ್ರೆಗೇ ಕರೆತಂದರೆ ಚೀಟಿ ಮಾಡಿಸಲು ಗುರುತಿನವರಿದ್ದಾರೆ. ಈ ಕಡೆ ಇನ್ನೊಂದು ಕೆಲಸ ಬಿದ್ದಾಗ ಕರೆಸಿದರಾಯಿತು.

ಅಕ್ಟೋಬರ್ 6, ಭಾನುವಾರ

ಮೂಟೆ ಈ ಸಲ ಸರಿಯಿಲ್ಲ. ಕಾಲುಭಾಗ ಖಾಲಿ, ಉಳಿದದ್ದರಲ್ಲಿ ಸುರುಳಿ ಸಿಪ್ಪೆ, ಮೊಳೆ. ಒಲೆ ತುಂಬುವಾಗ ಮಗಳ ಬೆರಳಿಗೆ ಮೊಳೆ ಚುಚ್ಚಿ ರಕ್ತ ಬಂತು. ಅಕ್ಕನಿಗೆ ಫೋನ್ ಮಾಡಿದೆ.

"ಬಡಗಿಗೆ ಸರಿಯಾಗಿ ಹೇಳಕ್ಕ. ಪುಕ್ಕಟೆ ಕೊಡ್ತೀವಿ ಅಂತ ಹೇಗೆ ಬೇಕೋ ಹಾಗೆ ತುಂಬೋದಾ?"

"ಹೇಳ್ತೀನಿ. ಮಗೂಗೆ... ಜಾಸ್ತಿ ಆಯ್ತಾ?" ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು.

"ಇಲ್ಲ ಬಿಡು. ಮುಂದಿನ ಸಲ ನೋಡಿ ತುಂಬ್ಸು."

"ಹ್ಞೂಂ. ನೀನು ಬರ್ತೀಯಾ ಮುಂದಿನ ಸಲ?"

ನೋಡ್ತೀನಿ ಎಂದೆ.

ಅಕ್ಟೋಬರ್ 11, ಶುಕ್ರವಾರ

ತಣ್ಣೀರಿನಲ್ಲಿ ಹೊದಿಕೆ ಹಿಂಡಿ ಹಿಂಡಿ ಕೈಗಳ ಗೆಣ್ಣುಗಳು ಬಿರಿದಿವೆ. ಪೆನ್ನು ಹಿಡಿದರೆ ಉರಿ.

ಅಕ್ಟೋಬರ್ 20, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬರೆದರಾದರೂ ಇಳಿಯಬಹುದು.

ಹೋದ ವಾರ ಇವರಿಗೆ ಬಿಡುವಾಗಲಿಲ್ಲ, ಹೊಟ್ಟು ಮುಗಿದು ನಾಕು ದಿನ ಗ್ಯಾಸ್ ಉರಿಸಿದೆ. ಆದ್ದರಿಂದ ಇವತ್ತು ಮೂಟೆಯೊಂದಕ್ಕೇ ಅಂತ ಹೊರಟೆವು. ಅಕ್ಕ ಕೇಳುತ್ತಿದ್ದಳಲ್ಲ ಎಂದು ನಾನೂ ಹಿಂದೆ ಕೂತೆ. ಹೋಗಿ ನೋಡಿದರೆ ಮೂಟೆಯೇ ಇಲ್ಲ! ಅಕ್ಕ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡದ್ದೇ ಮುಖವೆಲ್ಲ ಅರಳಿತು. ಎದ್ದು ಚಹಾಕ್ಕೆ ಇಡಲು ಹೋದಳು.

"ಮೂಟೆ ಎಲ್ಲಕ್ಕ?"

"ಈ ಎರಡು ವಾರ ಆಗ್ಲಿಲ್ಲ ಕಣೇ."

"ಆಗ್ಲಿಲ್ಲ ಅಂದ್ರೇನು? ಒಂದು ಫೋನ್ ಮಾಡ್ಬಾರ್ದಾ? ಅಲ್ಲಿಂದ ಇಲ್ಲಿಗೆ ಪೆಟ್ರೋಲ್ ಸುಟ್ಕೊಂಡು ಬಂದ್ವಲ್ಲ!"

ಅಕ್ಕ ಪಾತ್ರೆ ಹಿಡಿದುಕೊಂಡೇ ನಿಂತಳು. "ಫೋನ್ ಮಾಡಿದ್ರೆ ನೀನು ಬರ್ತಿರ್ಲಿಲ್ಲ," ಎಂದಳು.

ಅಂದರೆ ಬೇಕೆಂದೇ ಹೇಳಲಿಲ್ಲ! ನನಗೆ ಮೈಯೆಲ್ಲ ಉರಿಯಿತು. ಅರ್ಧ ಸಂಬಳ, ಬಿರಿದ ಕೈ, ಸಾಲದ ಸಿಲಿಂಡರ್ ಎಲ್ಲ ಒಟ್ಟಿಗೆ ಬಾಯಿಗೆ ಬಂತು. "ನಿನ್ನ ಮುಖ ನೋಡಿದ್ರೆ ನನ್ನ ಮನೆ ಒಲೆ ಉರಿಯುತ್ತಾ?" ಎಂದುಬಿಟ್ಟೆ.

ಇವರು, "ಏಯ್, ಏನ್ ಮಾತು ಅದು," ಎಂದು ಗದರಿದರು. ಅಕ್ಕ ಪಾತ್ರೆಯನ್ನು ಕೆಳಗಿಟ್ಟು, "ತಪ್ಪಾಯ್ತು ಕಣೇ. ಇನ್ಮೇಲೆ ಮೂಟೆ ಇದ್ರೇನೇ ಫೋನ್ ಮಾಡ್ತೀನಿ," ಎಂದಳು.

ಚಹಾ ಕುಡಿಯದೆ ಬಂದೆವು. ಇವರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾತಾಡದಿದ್ದರೆ ಬೇಡ. ನಾನು ಹೇಳಿದ ರೀತಿ ತಪ್ಪಿರಬಹುದು, ಹೇಳಿದ್ದು ತಪ್ಪಲ್ಲ.

ಅಕ್ಟೋಬರ್ 27, ಭಾನುವಾರ

ಫೋನ್ ಬರಲಿಲ್ಲ.

ನವೆಂಬರ್ 3, ಭಾನುವಾರ

ಇವತ್ತೂ ಇಲ್ಲ. ಬಡಗಿ ಹೊಟ್ಟನ್ನು ಬೇರೆ ಯಾರಿಗೋ ಮಾರಲು ಶುರುಮಾಡಿರಬೇಕು. ಮೊದಲೇ ಅಂದುಕೊಂಡಿದ್ದೆ, ಈ ಕಾಲದಲ್ಲಿ ಪುಕ್ಕಟೆ ಯಾರು ಕೊಡುತ್ತಾರೆ.

ನಾನೇ ಒಂದು ಫೋನ್ ಮಾಡಬಹುದಿತ್ತು. ಮಾಡಿದರೆ ಮೂಟೆಗಾಗಿ ಮಾಡಿದಳು ಅಂದುಕೊಳ್ಳುತ್ತಾಳೆ ಎಂದು ಸುಮ್ಮನಾದೆ.

ಗ್ಯಾಸ್ ಉಳಿಸಲು ದಿನಕ್ಕೆ ಒಂದೇ ಹೊತ್ತು ಅಡುಗೆ. ಬೆಳಿಗ್ಗೆ ಬೇಯಿಸಿದ್ದನ್ನು ಹಳೆಯ ಕಂಬಳಿಯಲ್ಲಿ ಸುತ್ತಿಡುತ್ತೇನೆ, ರಾತ್ರಿಗೆ ಉಗುರುಬೆಚ್ಚಗಿರುತ್ತದೆ. ಸ್ನಾನ ತಣ್ಣೀರಲ್ಲೇ. ಮಗಳು ಸ್ನಾನದ ಮನೆಯಲ್ಲಿ ಕಿರುಚುತ್ತಾಳೆ, ಆಮೇಲೆ ನಗುತ್ತಾಳೆ.

ನವೆಂಬರ್ 10, ಭಾನುವಾರ

ಅಕ್ಕ ಫೋನ್ ಮಾಡಿದಳು! ದನಿ ಎಷ್ಟು ಸಣ್ಣಗಿತ್ತೆಂದರೆ ಮೊದಲು ಯಾರೋ ಅಂದುಕೊಂಡೆ.

"ಮೂಟೆ ಇದೆ ಕಣೇ. ಅರ್ಧ ಇದೆ. ಬರ್ತೀಯಾ?"

ಹೋಗಬೇಕೆಂದು ಬಹಳ ಅನ್ನಿಸಿತು. ನಿಜವಾಗಿ ಅನ್ನಿಸಿತು. ಸ್ಕೂಟರಿನಲ್ಲಿ ನಾಳೆಯ ಕೆಲಸಕ್ಕಾಗುವಷ್ಟೇ ಪೆಟ್ರೋಲ್ ಇತ್ತು, ಕೂಲಿ ಸಿಗುವುದು ನಾಳೆ ಸಂಜೆ.

"ಅರ್ಧಕ್ಕೆ ಯಾಕಕ್ಕ ಅಷ್ಟು ದೂರ? ತುಂಬಿದ ಮೇಲೆ ಹೇಳು, ಬಂದ್ಬಿಡ್ತೀನಿ."

"ಆಯ್ತು. ಮುಂದಿನ ಭಾನುವಾರದೊಳಗೆ ತುಂಬಿಸ್ತೀನಿ," ಎಂದಳು. ಕೆಮ್ಮು ಬಂತು, ಇಟ್ಟುಬಿಟ್ಟಳು.

ಮಾತಾಡಿದಳಲ್ಲ, ಸಮಾಧಾನವಾಯಿತು. ಸಿಟ್ಟೇನೂ ಇಟ್ಟುಕೊಂಡಿಲ್ಲ. ಮುಂದಿನ ಭಾನುವಾರ ಹೋದಾಗ ಒಂದು ಮಾತು ಸರಿಮಾಡಿ ಬರಬೇಕು. ಡಾಕ್ಟರಿಗೂ ತೋರಿಸಬೇಕು.

ನವೆಂಬರ್ 16, ಶನಿವಾರ

ಅಕ್ಕ ಹೋದಳು.

ನವೆಂಬರ್ 20, ಬುಧವಾರ

ಇವರು ಬರಿ ಎಂದರು. ಊಟ ಮಾಡದಿದ್ದರೂ ಪರವಾಗಿಲ್ಲ, ಬರೆದಾದರೂ ಬಿಡು ಎಂದರು.

ಗುರುವಾರ ಮಧ್ಯಾಹ್ನ ಲಾಂಡ್ರಿಗೆ ಇವರೇ ಬಂದರು. ಒದ್ದೆ ಹೊದಿಕೆ ಕೈಯಲ್ಲಿ ಹಿಡಿದೇ ಹೊರಗೆ ಬಂದೆ. ಬಡಗಿ ಫೋನ್ ಮಾಡಿದ್ದರಂತೆ, ಅಕ್ಕ ಶೆಡ್ಡಿನಲ್ಲಿ ಬಿದ್ದಳಂತೆ. ಅಕ್ಕನಿಗೆ ಶೆಡ್ಡಿನಲ್ಲೇನು ಕೆಲಸ ಎಂದು ಆಗಲೂ ನನಗೆ ಹೊಳೆಯಲಿಲ್ಲ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಇಬ್ಬರೂ ನೋಡಲಿಲ್ಲ. ಅರ್ಧ ದಾರಿಯಲ್ಲಿ ಸ್ಕೂಟರ್ ನಿಂತಿತು. ಇವರು ಅದನ್ನು ರಸ್ತೆಬದಿಯಲ್ಲಿ ಬಿಟ್ಟು, ಬರುತ್ತಿದ್ದ ಒಂದು ಸಾಮಾನಿನ ಗಾಡಿಗೆ ಕೈ ಅಡ್ಡ ಹಿಡಿದರು. ಹಿಂದಿನ ಕಬ್ಬಿಣದ ಸರಳುಗಳ ಮೇಲೆ ಕುಳಿತು ಹೋದೆವು.

ಅಲ್ಲಿಯ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿದ್ದರು. ಎದೆಯಲ್ಲೆಲ್ಲ ನಂಜು ಎಂದರು ಡಾಕ್ಟರು. ಬಹಳ ದಿನದಿಂದ ಧೂಳು ಕುಡಿದಿದ್ದಾರೆ, ಏನು ಕೆಲಸ ಇವರದು ಎಂದು ಕೇಳಿದರು. ಕಾಜಾ ಹಾಕುವುದು ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು.

ಅಕ್ಕ ಕಣ್ಣು ಬಿಟ್ಟಳು. ನನ್ನನ್ನು ಗುರುತು ಹಿಡಿದಳು, ಅದರಲ್ಲಿ ಅನುಮಾನವಿಲ್ಲ. ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟೆ.

"ತುಂಬಿದೆ," ಎಂದಳು. "ತಗೊಂಡು ಹೋಗು."

ನನಗೆ ಮೂಟೆ ಬೇಡ ಅಕ್ಕ, ನೀನು ಬೇಕು ಎಂದೆ. ಕೂಗಿಯೇ ಹೇಳಿದೆ, ನರ್ಸ್ ಬಂದು ಭುಜ ಹಿಡಿದುಕೊಂಡರು. ಅಕ್ಕನಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಆಮೇಲೆ ಎರಡು ದಿನ ಅಲ್ಲೇ ಕೂತಿದ್ದೆ, ಅವಳು ಮತ್ತೆ ಮಾತಾಡಲಿಲ್ಲ.

ಎಲ್ಲ ಮುಗಿದ ಮೇಲೆ ಕೋಣೆ ಖಾಲಿ ಮಾಡಲು ಹೋದೆವು. ಒಂದು ಚಾಪೆ, ಒಂದು ಟ್ರಂಕು, ಟೈಲರ್ ಅಂಗಡಿಯ ಅಂಗಿಗಳು, ಅರ್ಧ ಕಾಜಾ ಹಾಕಿದ್ದು. ಬಡಗಿ ಮೆಟ್ಟಿಲ ಬಳಿ ನಿಂತಿದ್ದರು. ನನಗೆ ಅವರ ಮೇಲೆ ಎಲ್ಲಿಲ್ಲದ ಕೋಪ ಬಂತು.

"ನಿಮ್ಮ ಹೊಟ್ಟು ತುಂಬೋಕೆ ನಮ್ಮಕ್ಕನೇ ಬೇಕಿತ್ತಾ? ಪುಕ್ಕಟೆ ಕೊಡ್ತೀವಿ ಅಂತ ಅವ್ಳ ಕೈಲಿ ಕೆಲಸ ಮಾಡಿಸ್ಕೊಂಡ್ರಾ?" ಎಂದೆ.

ಬಡಗಿ ನನ್ನನ್ನೇ ನೋಡಿದರು. "ನಿಮಗೆ ಗೊತ್ತಿಲ್ವೇನಮ್ಮ?" ಎಂದರು. ಆಮೇಲೆ ತೊಲೆಯ ಮೇಲೆ ಕೂತು ಹೇಳಿದರು. ಇವರು ನನ್ನ ಕೈ ಹಿಡಿದುಕೊಂಡೇ ಇದ್ದರು.

"ಹೊಟ್ಟು ನಾನು ಬಿಸಾಕ್ತಿರ್ಲಿಲ್ಲಮ್ಮ. ಗ್ಯಾಸ್ ಏರಿದ ಮೇಲೆ ಅದಕ್ಕೂ ಗಿರಾಕಿ ಇದಾರೆ. ನಿಮ್ಮಕ್ಕ ಒಂದಿನ ಕೆಳಗೆ ಬಂದು, ದಿನಾ ಸಾಯಂಕಾಲ ಶೆಡ್ಡು ಗುಡಿಸಿಕೊಡ್ತೀನಿ, ದುಡ್ಡು ಬೇಡ, ವಾರಕ್ಕೊಂದು ಮೂಟೆ ಕೊಡಿ ಅಂದ್ರು. ಎದೆ ಸರಿಯಿಲ್ಲ ನಿಮ್ಗೆ, ಈ ಧೂಳಲ್ಲಿ ಬೇಡ ಅಂದೆ. ಕೇಳ್ಬೇಕಲ್ಲ. ಮೂಗಿಗೆ ಬಟ್ಟೆ ಕಟ್ಕೋತೀನಿ ಅಂದ್ರು. ಅಷ್ಟಕ್ಕೂ ನಿಮಗ್ಯಾಕೆ ಹೊಟ್ಟು, ನೀವು ಒಬ್ರೇ ಇರೋದು ಅಂದ್ರೆ, ನನ್ನ ತಂಗಿ ಇಲ್ಲಿಗೆ ಬರೋಕೆ ಒಂದು ಕೆಲಸ ಬೇಕು ಅಂದ್ರು."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಮೊಳೆ ಇತ್ತು ಅಂತ ನೀವೇನೋ ಹೇಳಿದ್ರಂತೆ. ಆಮೇಲಿಂದ ಮಂಡಿಯೂರಿ ಕೂತ್ಕೊಂಡು ಒಂದೊಂದೇ ಆರಿಸಿ ತೆಗೀತಿದ್ರು. ನಡುವೆ ಜ್ವರ ಬಂದು ಮಲಗಿದ್ರು. ನಾನೇ ಒಂದು ಮೂಟೆ ಸುಮ್ನೆ ಕೊಡ್ತೀನಿ, ತಂಗೀಗೆ ಫೋನ್ ಮಾಡಿ ಅಂದೆ. ಒಪ್ಲಿಲ್ಲ. ಇವತ್ತು ಸುಮ್ನೆ ತಗೊಂಡ್ರೆ ನಾಳೆ ನೀವು ಕೊಡಲ್ಲ ಅಂದ್ಬಿಟ್ರೆ, ಆಮೇಲೆ ಅವ್ಳು ಯಾವ ನೆಪದಲ್ಲಿ ಬರ್ತಾಳೆ ಅಂದ್ರು. ಗುರುವಾರ ಮೂಟೆ ಬಾಯಿ ಹೊಲೀತಾ ಇದ್ರು. ಹೊಲಿದು ಮುಗಿಸಿ, ಎದ್ದು ನಿಂತು, ಬಿದ್ರು."

ಅವರೂ ಅತ್ತರು. ತಪ್ಪು ನನ್ನದು ಎಂದರು. ತಪ್ಪು ಯಾರದೆಂದು ನನಗೆ ಗೊತ್ತು. ಪೆಟ್ರೋಲಿನದು ಎಂದು ಹೇಳಿಕೊಳ್ಳಬಹುದು, ಹೇಳಿಕೊಂಡರೆ ಸುಳ್ಳೂ ಅಲ್ಲ. ಆದರೆ, ನಿನ್ನ ಮುಖ ನೋಡಿದರೆ ನನ್ನ ಒಲೆ ಉರಿಯುತ್ತದೆಯೇ ಎಂದು ಕೇಳಿದ್ದು ಪೆಟ್ರೋಲ್ ಅಲ್ಲ.

ಮೂಟೆಯನ್ನು ತಂದೆವು. ಬಾಯಿಗೆ ಕಾಜಾದ ಹೊಲಿಗೆ ಹಾಕಿದ್ದಾಳೆ, ಒತ್ತೊತ್ತಾಗಿ, ಯಾರದೋ ಮದುವೆಯ ಕೋಟಿಗೆ ಹಾಕುವ ಹಾಗೆ.

ನವೆಂಬರ್ 24, ಭಾನುವಾರ

ಮೂಟೆಯನ್ನು ಅಡುಗೆಮನೆಯ ಮೂಲೆಯಲ್ಲಿಟ್ಟಿದ್ದೇನೆ. ಮುಟ್ಟಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ, ಆದರೆ ಇವರೂ ಮಗಳೂ ಅದರ ಪಕ್ಕದಲ್ಲಿ ಹೋಗುವಾಗ ಸರಿದು ಹೋಗುತ್ತಿದ್ದರು.

ಬೆಳಿಗ್ಗೆ ಗ್ಯಾಸ್ ಮುಗಿಯಿತು. ಸಿಲಿಂಡರನ್ನು ಓರೆ ಮಾಡಿ ಅಲ್ಲಾಡಿಸಿದೆ, ಒಂದು ನೀಲಿ ಎಳೆ ಬಂದು ಆರಿತು. ಆಸ್ಪತ್ರೆಗೆ, ಮಿಕ್ಕಿದ ಖರ್ಚಿಗೆ ಇದ್ದಬದ್ದದ್ದೆಲ್ಲ ಹೋಗಿದೆ. ನಾನು ಕೆಲಸಕ್ಕೆ ಹೋಗದ ದಿನಗಳ ಸಂಬಳವೂ ಇಲ್ಲ.

"ಯಾರ ಹತ್ರನಾದ್ರೂ ಕೇಳಿ ನೋಡ್ತೀನಿ," ಎಂದು ಇವರು ಅಂಗಿ ಹಾಕಿಕೊಂಡರು. "ಅದನ್ನ ಮುಟ್ಬೇಡ ನೀನು."

ಮಧ್ಯಾಹ್ನವಾದರೂ ಇವರು ಬರಲಿಲ್ಲ. ಮಗಳು ಹಸಿವು ಎನ್ನಲಿಲ್ಲ. ಎರಡು ಸಲ ನೀರು ಕುಡಿದಳು, ಆಮೇಲೆ ಪುಸ್ತಕ ತೆರೆದು ಕೂತಳು. ಹಾಳೆ ತಿರುಗಿಸಲಿಲ್ಲ. ಅವಳನ್ನು ನೋಡಿದೆ. ನಾನು ಅಷ್ಟು ದೊಡ್ಡವಳಿದ್ದಾಗ ಅಕ್ಕ ನನ್ನನ್ನು ಒಂದು ದಿನವೂ ಹಸಿದು ಮಲಗಿಸಲಿಲ್ಲ. ತಾನು ಏನು ಮಾಡುತ್ತಿದ್ದಳೋ, ನಾನು ಕೇಳಲೇ ಇಲ್ಲ.

ಕತ್ತರಿ ತೆಗೆದುಕೊಂಡು ಹೊಲಿಗೆ ಬಿಚ್ಚಿದೆ. ಒಂದೊಂದೇ ಎಳೆಯಾಗಿ ಬಿಚ್ಚಿದೆ, ಕತ್ತರಿಸಲು ಮನಸ್ಸಾಗಲಿಲ್ಲ. ಒಳಗೆ ಒಂದೂ ಮೊಳೆ ಇರಲಿಲ್ಲ, ಒಂದೂ ಸಿಪ್ಪೆ ಇರಲಿಲ್ಲ. ಜರಡಿ ಹಿಡಿದ ಹಿಟ್ಟಿನಂತಿತ್ತು. ಮಗಳು ಎದ್ದು ಬಂದು ಬಾಟಲಿ ಹಿಡಿದು ನಿಲ್ಲಿಸಿದಳು.

"ದೊಡ್ಡಮ್ಮ ಬೈಯಲ್ವಾ ಅಮ್ಮಾ?" ಎಂದಳು.

"ಇಲ್ಲ ಮಗಳೇ. ಉರಿಸೋಕೇ ಕಳಿಸಿದ್ದು."

ಮುಷ್ಟಿಯಿಂದ ಒತ್ತಿ ಒತ್ತಿ ತುಂಬಿದೆವು. ಬಾಟಲಿಯನ್ನು ತಿರುಗಿಸುತ್ತ ಎಳೆದೆ. ಕುಸಿಯಲಿಲ್ಲ. ಅನ್ನಕ್ಕಿಟ್ಟೆ. ಮಗಳು ಎರಡು ಸಲ ಬಡಿಸಿಕೊಂಡ ಮೇಲೆ, ನನ್ನ ತಟ್ಟೆ ನೋಡಿ, "ನೀನೂ ತಿನ್ನು," ಎಂದಳು. ತಿಂದೆ. ನನಗೂ ಹಸಿವಾಗಿತ್ತು. ಹಸಿವಾಯಿತಲ್ಲ ಎಂದು ನಾಚಿಕೆಯಾಯಿತು, ಆದರೂ ತಿಂದೆ.

ಸಂಜೆ ಇವರು ಬರಿಗೈಯಲ್ಲಿ ಬಂದರು. ಬಾಗಿಲಲ್ಲೇ ಹೊಗೆಯ ವಾಸನೆ ಹಿಡಿದು ನಿಂತರು. ಕೈತೊಳೆದು ಬಂದು ಊಟಕ್ಕೆ ಕೂತರು. ಬಡಿಸಿ ನಾನು ಹಿತ್ತಲಿಗೆ ಹೋದೆ. ಒಲೆಯಲ್ಲಿ ಇನ್ನೂ ಕೆಂಡವಿತ್ತು. ಅದರ ಮೇಲೆ ನೀರು ಇಡಬಹುದಿತ್ತು, ನಾಳೆಯ ಕಾಳು ಬೇಯಿಸಬಹುದಿತ್ತು. ಏನೂ ಇಡಲಿಲ್ಲ. ಭಾನುವಾರವಲ್ಲವೇ, ಅಕ್ಕನ ಪಕ್ಕ ಸುಮ್ಮನೆ ಕೂತೆ, ಅದು ಪೂರ್ತಿ ಬೂದಿಯಾಗುವವರೆಗೆ.